ಯುದ್ಧದ ನಾಟಕಕ್ಕೆ ಸೂತ್ರದ ಗೊಂಬೆಯೋ ತೊಗಲುಗೊಂಬೆಯೋ?

ಕುಂಬಳೆ ಕಡೆಯ ಗೆಳೆಯರು ಯುದ್ಧದ ನಾಟಕಕ್ಕೆ ಯಾವ ಗೊಂಬೆ ಒಳ್ಳೆಯದೆಂದು ಕೇಳಿದ್ದಾರೆ: ದಾರ ಕಟ್ಟಿ ಆಡಿಸುವ ಸೂತ್ರದ ಗೊಂಬೆಯೋ, ಪರದೆಯ ಮೇಲೆ ನೆರಳು ಬೀಳಿಸುವ ತೊಗಲುಗೊಂಬೆಯೋ?

ಖರ್ಚಿನಲ್ಲಿ ತೊಗಲುಗೊಂಬೆ ಹಗುರ: ಬಿಳಿ ಪರದೆ, ಹಿಂದೆ ದೀಪ. ಸೂತ್ರದ ಗೊಂಬೆಗಾದರೆ ಮರದ ಕೆತ್ತನೆ, ಕಿರೀಟ, ಉಡುಗೆ ಎಲ್ಲ ಬೇಕು. ಕೈ ಪಳಗಲು ತಿಂಗಳುಗಳೇ ಹಿಡಿಯುತ್ತವೆ.

ಸೈನ್ಯ ನುಗ್ಗುವುದು, ಊರು ಉರಿಯುವುದು ಮುಖ್ಯವಾದರೆ ತೊಗಲೇ ಸರಿ. ದೀಪದ ಹತ್ತಿರ ತಂದ ಗೊಂಬೆಯ ನೆರಳು ಪರದೆ ತುಂಬ ಬೆಳೆಯುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಕಥೆಯಾದರೆ ಸೂತ್ರದ ಗೊಂಬೆ ಬೇಕು. ಚೆಂಡೆ ನಿಂತು ಬರೀ ಮದ್ದಳೆ ಉಳಿದಾಗ, ಒಂದು ದಾರ ಸಡಿಲಿಸಿ ಆ ತಲೆ ಬಾಗಿದ್ದು ಕಂಡು ನನಗೆ ಗಂಟಲು ಕಟ್ಟಿದೆ.

ಗದ್ದೆಬಯಲಿನ ಗಾಳಿಗೆ ಪರದೆ ನಿಲ್ಲದು. ಒಂದೂವರೆ ಅಡಿಯ ಸೂತ್ರದ ಗೊಂಬೆಯೂ ಹಿಂದಿನ ಸಾಲಿಗೆ ಕಾಣದು. ಎರಡಕ್ಕೂ ಶಾಲೆಯ ಹಾಲ್ ಹಿತ. ಕಥೆಯನ್ನು ಹಾಡುವ ಭಾಗವತರನ್ನು ಮಾತ್ರ ಎದುರಿಗೇ ಕೂರಿಸಿ, ರೆಕಾರ್ಡ್ ಹಾಕಬೇಡಿ.