ಮುಂಜಾವಿನ ಪ್ರಾರ್ಥನೆಗೆ ಮಣಿಕಟ್ಟಿನ ಕಂಪನ ಅಲಾರಾಂ

ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಫ್ರಾನ್ಸಿನ ನಾರ್ಮಂಡಿಯ ಒಮಾಹಾ ತೀರಕ್ಕೆ ಅಮೆರಿಕದ ಸೇನೆ ಇಳಿಯಲು ಗೊತ್ತುಮಾಡಿದ್ದ ಹೊತ್ತು ಬೆಳಿಗ್ಗೆ 6.30. ಸಮುದ್ರ ಇಳಿತದಲ್ಲಿದ್ದರೆ ನೀರೊಳಗಿನ ಅಡ್ಡಿಗಳು ಕಣ್ಣಿಗೆ ಬೀಳುತ್ತವೆ, ಅದಕ್ಕೇ ಆ ಹೊತ್ತು. ಪ್ರಾರ್ಥನೆಗೂ ಅಂಥದೊಂದು ಹೊತ್ತಿದೆ: ಮನೆಮಂದಿ ಏಳುವ ಮುಂಚಿನ ಅರ್ಧ ಗಂಟೆ.

ಅದನ್ನು ಹಿಡಿಯಲು ಮಣಿಕಟ್ಟಿನಲ್ಲಿ ಸದ್ದಿಲ್ಲದೆ ಕಂಪಿಸಿ ಎಬ್ಬಿಸುವ ಅಲಾರಾಂ ನಿಜಕ್ಕೂ ಒಳ್ಳೆಯದು. ಪಕ್ಕದವರ ನಿದ್ದೆ ಕೆಡುವುದಿಲ್ಲ. ಎದ್ದ ಕೂಡಲೇ ಮೊಬೈಲ್ ಮುಟ್ಟಬೇಕಿಲ್ಲ, ಅದೇ ದೊಡ್ಡ ಲಾಭ. ಪಟ್ಟಿ ಸಡಿಲವಾದರೆ ಕಂಪನ ಚರ್ಮಕ್ಕೆ ತಾಗದು. ಒಂದು ಬೆರಳು ತೂರುವಷ್ಟು ಬಿಗಿಯಿರಲಿ. ಸ್ನೂಜ್ ತೆಗೆದುಹಾಕಿ, 5 ನಿಮಿಷ ಬಿಟ್ಟು ಎರಡನೇ ಅಲಾರಾಂ ಇಡಿ. ಚಾರ್ಜ್ ಮಲಗುವ ಮುನ್ನವೇ ನೋಡಿಕೊಳ್ಳಿ.

ಒಮಾಹಾದಲ್ಲಿ ತೇಲುವ ಟ್ಯಾಂಕ್‌ಗಳನ್ನು ಒರಟು ಅಲೆಗಳಲ್ಲಿ ದಡದಿಂದ ಬಹುದೂರ ಇಳಿಸಿದ್ದಕ್ಕೆ ಹಲವು ಮುಳುಗಿದವು. ಮೊದಲ ದಿನವೇ ಎರಡು ಗಂಟೆ ಮುಂಚೆ ಏಳಹೊರಟರೂ ಹಾಗೆಯೇ. ಏಳುವ ಹೊತ್ತನ್ನು ವಾರಕ್ಕೆ 15 ನಿಮಿಷದಂತೆ ಮುಂಚೆ ಮಾಡುತ್ತಾ ಬನ್ನಿ.