ವಿಯೆನ್ನಾದ ಹೋಟೆಲ್ ಸಾಖರ್: ಒಂದು ಮನೆತನ ಕಾಪಾಡಿಕೊಂಡ ವೈಭವ

ವಿಯೆನ್ನಾದ ಸ್ಟೇಟ್ ಒಪೆರಾ ಭವನದ ಹಿಂಬದಿಯಲ್ಲಿ, ಒಂದು ರಸ್ತೆ ದಾಟಿದರೆ ಸಿಗುವಷ್ಟು ಹತ್ತಿರದಲ್ಲಿ, 1876ರಿಂದ ನಡೆದುಕೊಂಡು ಬಂದಿರುವ ಹೋಟೆಲ್ ಸಾಖರ್ ಇದೆ. ಯೂರೋಪಿನ ರಾಜಧಾನಿಗಳಲ್ಲಿ ಹಳೆಯ ವೈಭವದ ಹೋಟೆಲುಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹಲವು ಇಂದು ದೊಡ್ಡ ಅಂತರರಾಷ್ಟ್ರೀಯ ಕಂಪನಿಗಳ ಕೈಗೆ ಹೋಗಿವೆ. ಸಾಖರ್ ಇಂದಿಗೂ ಒಂದು ಕುಟುಂಬದ ಒಡೆತನದಲ್ಲಿಯೇ ಉಳಿದಿದೆ. ಅರಮನೆಗಳ ನಡುವೆ ಬೆಳೆದು, ಹಳೆಯ ಕಟ್ಟಡವೊಂದು ಹೇಗೆ ಉಳಿಯುತ್ತದೆ, ಹೇಗೆ ಸೊರಗುತ್ತದೆ ಎಂಬುದನ್ನು ಮೈಸೂರಿನಲ್ಲಿ ದಿನನಿತ್ಯ ನೋಡುವ ನನಗೆ, ಆ ಹೋಟೆಲಿನಲ್ಲಿ ತಂಗಿದ್ದಾಗ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತಟ್ಟಿದ್ದು ಈ ಒಡೆತನದ ಮುತುವರ್ಜಿಯೇ.

ಹೋಟೆಲು ನಿಂತಿರುವ ಜಾಗದ ಮಹತ್ವ ಹೋಟೆಲಿಗಿಂತಲೂ ಹಳೆಯದು. ಇಲ್ಲಿ ಹಿಂದೆ ಕೆರ್ನ್‌ಟ್ನರ್‌ಟೋರ್ ಎಂಬ ರಂಗಮಂದಿರವಿತ್ತು. ಬೀಥೋವನ್ನನ ಒಂಬತ್ತನೆಯ ಸಿಂಫನಿ 1824ರ ಮೇ 7ರಂದು ಮೊದಲ ಬಾರಿಗೆ ಜನರ ಕಿವಿಗೆ ಬಿದ್ದದ್ದು ಅಲ್ಲಿಯೇ. ಅದನ್ನು ರಚಿಸಿದವನಿಗೆ ಆ ಹೊತ್ತಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹೊಸ ಒಪೆರಾ ಭವನ 1869ರಲ್ಲಿ ತೆರೆದ ಮೇಲೆ ಹಳೆಯ ರಂಗಮಂದಿರವನ್ನು ಕೆಡವಲಾಯಿತು, ಆ ನೆಲದ ಮೇಲೆ ಎಡುವರ್ಡ್ ಸಾಖರ್ ತನ್ನ ಹೋಟೆಲನ್ನು ತೆರೆದ. ಎದುರಿನ ಒಪೆರಾವನ್ನು ರಿಚರ್ಡ್ ಸ್ಟ್ರೌಸ್ 1919ರಿಂದ 1924ರವರೆಗೆ ಜಂಟಿ ನಿರ್ದೇಶಕನಾಗಿ ನಡೆಸಿದ್ದ. ಮೈಸೂರಿನವರು ಈ ಹೆಸರನ್ನು ಗಮನಿಸಬೇಕು. ಸ್ಟ್ರೌಸ್ ತನ್ನ ಕೊನೆಗಾಲದಲ್ಲಿ ರಚಿಸಿದ ಹಾಡುಗಳು ಅವನು ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಾಗ, ಆ ಕಛೇರಿಗೆ ಹಣದ ಬೆಂಬಲವಾಗಿ ನಿಂತವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದ್ದು ಫುರ್ಟ್‌ವೆಂಗ್ಲರ್. ಕಿಟಕಿಯಿಂದ ಒಪೆರಾದ ಕಮಾನುಗಳನ್ನು ನೋಡುವಾಗ ಈ ನಂಟು ನೆನಪಾಗಿ, ಪರದೇಶದ ಆ ಬೀದಿ ಅಷ್ಟೇನೂ ಪರಕೀಯವೆನಿಸಲಿಲ್ಲ.

ಹೋಟೆಲಿಗೆ ಇಂದಿರುವ ವ್ಯಕ್ತಿತ್ವವನ್ನು ಕೊಟ್ಟವಳು ಎಡುವರ್ಡನ ಹೆಂಡತಿ ಅನ್ನಾ. ಕಸಾಯಿಯವನೊಬ್ಬನ ಮಗಳಾಗಿ ಹುಟ್ಟಿದ ಈಕೆ, 1892ರಲ್ಲಿ ಗಂಡ ತೀರಿಕೊಂಡ ಮೇಲೆ ತಾನೇ ಆಡಳಿತ ವಹಿಸಿಕೊಂಡು, ಹೆಂಗಸರು ವ್ಯಾಪಾರದ ಮುಂಚೂಣಿಯಲ್ಲಿ ನಿಲ್ಲುವುದೇ ಅಪರೂಪವಾಗಿದ್ದ ಕಾಲದಲ್ಲಿ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಶ್ರೀಮಂತರೆಲ್ಲ ತನ್ನ ಊಟದ ಮೇಜಿಗೆ ಬರುವಂತೆ ಮಾಡಿದಳು. ಬಾಯಲ್ಲಿ ಸಿಗಾರು, ಜೊತೆಯಲ್ಲಿ ಪುಟ್ಟ ಫ್ರೆಂಚ್ ಬುಲ್‌ಡಾಗ್‌ಗಳು: ಅವಳ ಚಿತ್ರ ಇಂದಿಗೂ ಹಾಗೆಯೇ ಜನರ ನೆನಪಿನಲ್ಲಿದೆ. ಅತಿಥಿಗಳಿಂದ ಮೇಜುವಸ್ತ್ರವೊಂದರ ಮೇಲೆ ಸಹಿ ಹಾಕಿಸಿಕೊಂಡು, ಆ ಸಹಿಗಳ ಮೇಲೆ ದಾರದಿಂದ ಕಸೂತಿ ಹಾಕಿದ್ದಳು. ಅದರ ನಡುವೆ ಚಕ್ರವರ್ತಿ ಫ್ರಾಂಜ್ ಜೋಸೆಫನ ಸಹಿಯಿದೆ. ಸಾಮ್ರಾಜ್ಯ 1918ರಲ್ಲಿ ಕುಸಿದಾಗ ಅವಳ ಗಿರಾಕಿಗಳ ಸಿರಿಯೂ ಕರಗಿತು. ಅವಳು 1930ರಲ್ಲಿ ತೀರಿಕೊಂಡಳು, ನಾಲ್ಕು ವರ್ಷಗಳಲ್ಲಿ ಹೋಟೆಲು ದಿವಾಳಿಯಾಯಿತು. ಆಗ ಕೈಹಿಡಿದ ಗುರ್ಟ್ಲರ್ ಮನೆತನ ಯುದ್ಧವನ್ನೂ, ಯುದ್ಧದ ನಂತರ ಕಟ್ಟಡ ಬ್ರಿಟಿಷ್ ಸೈನ್ಯದ ವಶದಲ್ಲಿದ್ದ ವರ್ಷಗಳನ್ನೂ ದಾಟಿಸಿ ಅದನ್ನು ಇಲ್ಲಿಯವರೆಗೆ ತಂದಿದೆ. ಅರಸರು ಹೋದ ಮೇಲೆ ಅರಸೊತ್ತಿಗೆಯ ಕಾಲದ ಕಟ್ಟಡಗಳು ಏನಾಗಬೇಕು ಎಂಬ ಪ್ರಶ್ನೆಯನ್ನು ಬಹಳ ದಿನಗಳಿಂದ ಎದುರಿಸುತ್ತಿರುವ ಊರು ನಮ್ಮದು. ಆದ್ದರಿಂದ ಈ ಚರಿತ್ರೆಯನ್ನು ನಾನು ಕುತೂಹಲದಿಂದಷ್ಟೇ ಅಲ್ಲ, ಆಸೆಯಿಂದಲೂ ಓದಿಕೊಂಡೆ.

ಈಗ ಉಪಚಾರದ ವಿಷಯ. ಕೆಂಪು ಡಮಾಸ್ಕ್ ಬಟ್ಟೆ ಹೊದಿಸಿದ ಗೋಡೆಗಳು, ಗಾಜಿನ ತೂಗುದೀಪಗಳು, ಚಿನ್ನದ ಚೌಕಟ್ಟಿನ ಚಿತ್ರಗಳು ಕಣ್ಣಿಗೆ ಮೊದಲು ಬೀಳುತ್ತವೆ ನಿಜ. ಆದರೆ ಇವನ್ನು ಹಣವಿರುವ ಯಾರು ಬೇಕಾದರೂ ಹೊಂದಿಸಬಹುದು. ಹಾಗೆ ಕೊಳ್ಳಲಾಗದ್ದು ಅಲ್ಲಿನ ಸಿಬ್ಬಂದಿಯ ನಡವಳಿಕೆ. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದು ಒಬ್ಬರಿಗೆ ಒಮ್ಮೆ ತಿಳಿಸಿದ್ದು ಸಾಕಾಯಿತು. ಮರುದಿನ ಬೆಳಗಿನ ಉಪಾಹಾರದಲ್ಲಿ ನಾವು ಕೇಳುವ ಮೊದಲೇ ಇನ್ನೊಬ್ಬರು ಬಂದು ಯಾವ ಬ್ರೆಡ್ಡಿನಲ್ಲಿ, ಯಾವ ತಿಂಡಿಯಲ್ಲಿ ಮೊಟ್ಟೆ ಇದೆ ಎಂಬುದನ್ನು ಸಾವಧಾನವಾಗಿ ವಿವರಿಸಿದರು. ಆ ವಿನಯದಲ್ಲಿ ಗಿರಾಕಿಯನ್ನು ಓಲೈಸುವ ಅತಿರೇಕವಿರಲಿಲ್ಲ, ದುಬಾರಿ ಜಾಗಗಳಲ್ಲಿ ಕೆಲವೊಮ್ಮೆ ಎದುರಾಗುವ ಬಿಗುಮಾನವೂ ಇರಲಿಲ್ಲ. ಮನೆಗೆ ಬಂದವರನ್ನು ನೋಡಿಕೊಳ್ಳುವುದು ತಮ್ಮ ಗೌರವದ ಪ್ರಶ್ನೆ ಎಂದು ಬಗೆದವರಿಗೆ ಮಾತ್ರ ಇಂಥ ನಡವಳಿಕೆ ಸಿದ್ಧಿಸುತ್ತದೆ.

ಕೋಣೆಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹಾಸಿಗೆ, ಸ್ನಾನದ ಮನೆ, ನಿಶ್ಶಬ್ದ, ಎಲ್ಲವೂ ಆ ದರ್ಜೆಗೆ ತಕ್ಕಂತಿವೆ. ಲಲಿತಮಹಲಿನಂತೆ ಬಯಲ ನಡುವೆ ಕೈಚಾಚಿ ನಿಂತ ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವವರು, ಇದು ನಗರದ ಎದೆಯಲ್ಲಿ ಬೀದಿಗೆ ಅಂಟಿಕೊಂಡು ಕಟ್ಟಿದ ಹೋಟೆಲು ಎಂಬುದನ್ನು ತಿಳಿದಿರಬೇಕು. ಉದ್ಯಾನದ ಬದಲು ಇಲ್ಲಿ ಸಿಗುವುದು ಒಪೆರಾ ಮತ್ತು ಅಲ್ಬರ್ಟೀನಾ ಕಲಾಸಂಗ್ರಹಾಲಯದ ಸಾಮೀಪ್ಯ. ಕೋಣೆ ಕಾದಿರಿಸುವಾಗ ಒಪೆರಾ ಕಾಣುವ ಬದಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ನಲ್ಲಿಯ ನೀರನ್ನು ನಿಶ್ಚಿಂತೆಯಿಂದ ಕುಡಿಯಬಹುದು. ಆಲ್ಪ್ಸ್ ತಪ್ಪಲಿನ ಬುಗ್ಗೆಗಳಿಂದ ಈ ನಗರಕ್ಕೆ ನೀರು ಹರಿದು ಬರಲು ತೊಡಗಿದ್ದು 1873ರಲ್ಲಿ.

ಸಾಖರ್ ಎಂದೊಡನೆ ಜಗತ್ತಿಗೆ ನೆನಪಾಗುವುದು ಅದರ ಚಾಕೊಲೇಟ್ ಕೇಕು. ಎಡುವರ್ಡನ ತಂದೆ ಫ್ರಾಂಜ್ ಸಾಖರ್, ಸಚಿವ ಮೆಟರ್ನಿಖ್‌ನ ಅಡುಗೆಮನೆಯಲ್ಲಿ ಹದಿನಾರರ ಹರೆಯದ ಶಿಷ್ಯನಾಗಿದ್ದಾಗ, ಮುಖ್ಯ ಬಾಣಸಿಗ ಕಾಯಿಲೆ ಬಿದ್ದ ಒಂದು ದಿನ, 1832ರಲ್ಲಿ, ಇದನ್ನು ಸಿದ್ಧಪಡಿಸಿದನೆಂದು ಹೇಳುತ್ತಾರೆ. ಕಾಕಾಸುರ ಮಾದಪ್ಪನವರು ನಾಲ್ವಡಿಯವರ ಅರಮನೆಯ ಅಡುಗೆಮನೆಯಲ್ಲಿ ಮೈಸೂರು ಪಾಕನ್ನು ಮೊದಲು ಮಾಡಿದ ಕಥೆಯನ್ನು ಕೇಳುತ್ತ ಬೆಳೆದ ನಮಗೆ ಇದು ತೀರ ಪರಿಚಿತವೆನಿಸುತ್ತದೆ: ಎರಡೂ ಕಡೆ ದೊಡ್ಡವರ ಮನೆಯ ಒಲೆಯ ಮೇಲೆ ಹುಟ್ಟಿದ ಸಿಹಿ ಊರಿನ ಹೆಸರಾಗಿ ನಿಂತಿದೆ. ‘ಮೂಲ’ ಎಂಬ ಪದವನ್ನು ಯಾರು ಬಳಸಬೇಕೆಂದು ಹೋಟೆಲಿಗೂ ಡೆಮೆಲ್ ಎಂಬ ಹಳೆಯ ಮಿಠಾಯಿ ಅಂಗಡಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದು, 1960ರ ದಶಕದಲ್ಲಿ ರಾಜಿಯಾಗಿ, ಆ ಹಕ್ಕು ಹೋಟೆಲಿಗೆ ಉಳಿಯಿತು. ಹೋಟೆಲಿನ ಕೇಕಿನಲ್ಲಿ ಏಪ್ರಿಕಾಟ್ ಜಾಮ್ ನಡುವೆಯೂ ಇರುತ್ತದೆ, ಚಾಕೊಲೇಟ್ ಹೊದಿಕೆಯ ಕೆಳಗೂ ಇರುತ್ತದೆ. ಡೆಮೆಲ್‌ನವರದ್ದರಲ್ಲಿ ಹೊದಿಕೆಯ ಕೆಳಗೆ ಮಾತ್ರ.

ಇದು ನಮ್ಮ ಬೇಕರಿಗಳ ಕ್ರೀಮು ತುಂಬಿದ ಮೆತ್ತನೆಯ ಕೇಕಲ್ಲ. ಒಡಲು ಗಟ್ಟಿ, ಒದ್ದೆಯಿಲ್ಲ. ಜೊತೆಗೆ ಸಕ್ಕರೆ ಹಾಕದ ಕಡೆದ ಕೆನೆಯನ್ನು ಬಡಿಸುವುದು ಅದಕ್ಕಾಗಿಯೇ, ಎರಡನ್ನೂ ಒಟ್ಟಿಗೆ ತಿಂದಾಗಲೇ ರುಚಿ ತಿಳಿಯುವುದು. ಇಷ್ಟು ನಾನು ಹೇಳುತ್ತಿರುವುದು ಅದರ ಚರಿತ್ರೆಯನ್ನು ಓದಿ, ನನ್ನ ಜೊತೆ ಬಂದಿದ್ದ ಮೊಟ್ಟೆ ತಿನ್ನುವ ಗೆಳೆಯರ ಮೆಚ್ಚುಗೆಯನ್ನು ಕೇಳಿ. ಕೇಕಿಗೆ ಮೊಟ್ಟೆ ಬೇಕೇ ಬೇಕು, ಆದ್ದರಿಂದ ನಾನು ಮುಟ್ಟಲಿಲ್ಲ. ಕೈಜರ್‌ಶ್ಮಾರ್ನ್ ಎಂಬ ಸಿಹಿ ದೋಸೆಯಂಥ ತಿನಿಸಿನಲ್ಲಿಯೂ ಮೊಟ್ಟೆಯಿದೆ. ಸೇಬಿನ ಸ್ಟ್ರೂಡೆಲ್‌ನ ಹಿಟ್ಟನ್ನು ಮೊಟ್ಟೆಯಿಲ್ಲದೆಯೂ ಮಾಡುವ ವಾಡಿಕೆಯಿರುವುದರಿಂದ ಕೇಳಿ ನೋಡಬಹುದು. ವಿಯೆನ್ನಾದ ಸಾಂಪ್ರದಾಯಿಕ ಊಟವಂತೂ ಬಹುಪಾಲು ಮಾಂಸದ್ದೇ. ಸಸ್ಯಾಹಾರಿಗಳು ಮುಂಚಿತವಾಗಿ ತಿಳಿಸಿಯೇ ಹೋಗಬೇಕು. ಕಾಫಿಯ ಮಾತಿಗೆ ಬಂದರೆ, ಪುಟ್ಟ ಬೆಳ್ಳಿಯ ತಟ್ಟೆಯಲ್ಲಿ ಒಂದು ಲೋಟ ನೀರಿನೊಡನೆ ತಂದಿಡುವ ಮೆಲಾಂಜ್ ನೊರೆಹಾಲಿನ ಹದವಾದ ಕಾಫಿ. ಚಿಕೋರಿ ಬೆರೆತ ಗಟ್ಟಿ ಡಿಕಾಕ್ಷನ್ನಿಗೆ ಒಗ್ಗಿದ ನಾಲಗೆಗೆ ಅದು ಸೌಮ್ಯವೆನಿಸಿದರೂ ನನಗೆ ಬಹಳ ಹಿಡಿಸಿತು.

ಬಾಡಿಗೆ ನಿಜವಾಗಿಯೂ ದುಬಾರಿ. ನಿವೃತ್ತಿಯ ಹಣದಲ್ಲಿ ಮಕ್ಕಳೊಡನೆ ಯೂರೋಪು ನೋಡಹೊರಡುವ ನಮ್ಮ ಊರಿನ ಬಹುಪಾಲು ಕುಟುಂಬಗಳಿಗೆ ಪ್ರವಾಸವಿಡೀ ಇಂಥಲ್ಲಿ ತಂಗುವುದು ಆಗದ ಮಾತು. ಹಾಗೆ ಮಾಡಿ ಎಂದು ನಾನು ಹೇಳುವುದೂ ಇಲ್ಲ. ಬೇರೆಡೆ ಸಾಧಾರಣ ಹೋಟೆಲಿನಲ್ಲಿದ್ದು, ವಿಯೆನ್ನಾದ ಕೊನೆಯ ರಾತ್ರಿಯನ್ನಷ್ಟೇ ಇಲ್ಲಿಗೆಂದು ಮೀಸಲಿಟ್ಟರೆ ಹಣವೂ ಹಿಡಿತದಲ್ಲಿರುತ್ತದೆ, ಅನುಭವವೂ ಕೈತಪ್ಪುವುದಿಲ್ಲ. ಒಪೆರಾ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಮುಚ್ಚಿರುವುದರಿಂದ, ನಮ್ಮ ದಸರಾ ರಜೆಯ ಹೊತ್ತಿನ ಪ್ರವಾಸ ಬೇಸಗೆಗಿಂತ ಮೇಲು. ಅಷ್ಟೂ ಸಾಧ್ಯವಾಗದವರು ಬೆಳಗ್ಗೆ ಬೇಗನೆ, ಸಾಲು ಬೆಳೆಯುವ ಮೊದಲೇ, ಹೋಟೆಲಿನ ಕೆಫೆಗೆ ಹೋಗಿ ಒಂದು ಮೆಲಾಂಜ್ ಕುಡಿಯಬಹುದು. ಸಂಜೆ ಎದುರಿನ ಒಪೆರಾದಲ್ಲಿ ನಿಂತು ನೋಡುವವರಿಗೆಂದೇ ಇರುವ ಅಗ್ಗದ ಟಿಕೆಟು ಪಡೆದು, ಜಯಚಾಮರಾಜೇಂದ್ರ ಒಡೆಯರು ಅಷ್ಟೊಂದು ಪ್ರೀತಿಸಿದ ಸಂಗೀತವನ್ನು ಅದರ ತವರಿನಲ್ಲಿಯೇ ಕೇಳಬಹುದು.