ಸೊಂಟದ ಆಪರೇಷನ್ ನಂತರ: ಸ್ಪೆಷಲ್ ರೂಮೋ, ವೃದ್ಧರ ವಾರ್ಡೋ?

ನಮ್ಮ ತಾಯಿಯವರಿಗೆ ಮೊದಲು ಎಡಗಡೆ, ಕೆಲವು ವರ್ಷಗಳ ನಂತರ ಬಲಗಡೆ ಸೊಂಟದ ಕೀಲಿನಲ್ಲಿ ಮೂಳೆ ಮುರಿಯಿತು. ಎರಡು ಸಲವೂ ಪುಣೆಯಲ್ಲೇ ಹೆಮಿಆರ್ಥ್ರೋಪ್ಲಾಸ್ಟಿ ಆಯಿತು, ಅಂದರೆ ತೊಡೆಮೂಳೆಯ ಮುರಿದ ತಲೆಯನ್ನು ತೆಗೆದು ಲೋಹದ್ದನ್ನು ಕೂರಿಸಿದರು. ಆಸ್ಪತ್ರೆಗಳು ಬೇರೆ, ಆದರೆ ಎರಡೂ ಕಡೆ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ಚೇತರಿಕೆಯಲ್ಲಿ ಕಂಡ ಅಂತರಕ್ಕೆ ಮಂಚ ಯಾವ ವಾರ್ಡಿನಲ್ಲಿತ್ತು ಎಂಬುದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಮೊದಲ ಸಲ ಸಿಕ್ಕಿದ್ದು ಆರ್ಥೋ, ಅಂದರೆ ಮೂಳೆ ಚಿಕಿತ್ಸೆಯ ವಿಭಾಗದ ಕೊನೆಯ ಸ್ಪೆಷಲ್ ರೂಮ್. ಎಸಿ ಇತ್ತು, ಜೊತೆಗಿರುವವರಿಗೆ ಸೋಫಾ ಇತ್ತು. ಸರ್ಜನ್ ಬೆಳಿಗ್ಗೆ ಬಂದು ಗಾಯ ನೋಡಿ ಹೋಗುತ್ತಿದ್ದರು, ಉಳಿದ ಹೊತ್ತು ಗಂಟೆ ಒತ್ತಿದರಷ್ಟೇ ಯಾರಾದರೂ ಬರುತ್ತಿದ್ದರು. ಬಾತ್‌ರೂಮಿಗೆ ಎತ್ತರದ ಹೊಸ್ತಿಲಿದ್ದುದರಿಂದ ಕ್ಯಾಥೆಟರ್ (ಮೂತ್ರದ ನಳಿಕೆ) ತೆಗೆಯುವ ಮಾತೇ ಬರಲಿಲ್ಲ. ಪರದೆ ಎಳೆದ ಆ ಕೋಣೆಯಲ್ಲಿ ಹಗಲು ರಾತ್ರಿಯ ಅರಿವು ತಪ್ಪಿ ಸನ್ನಿ ಹಿಡಿಯಿತು. ಸಂಜೆಯಾದರೆ ಸಾಕು, ಗೋಕಾಕದ ಮನೆಯ ಹಿತ್ತಿಲಲ್ಲಿ ಕರು ಹಗ್ಗ ಬಿಚ್ಚಿಕೊಂಡಿದೆಯೆಂದು ಸಲೈನ್ ನಳಿಕೆಯನ್ನು ಹಿಡಿದೆಳೆಯುತ್ತಿದ್ದರು. ನಿದ್ರೆಯ ಇಂಜೆಕ್ಷನ್ ಕೊಟ್ಟ ಮರುದಿನ ಮಂಪರು ಇಳಿಯದೆ, ಫಿಸಿಯೋಥೆರಪಿಸ್ಟ್ ಬಂದ ದಾರಿಯಲ್ಲೇ ಹಿಂದಿರುಗಿದರು.

ಎರಡನೆಯ ಸಲ ಇದ್ದದ್ದು ವೃದ್ಧರಿಗೆಂದೇ ಇರುವ ವಾರ್ಡಿನಲ್ಲಿ, ನರ್ಸ್ ಮೇಜಿಗೆ ನೇರ ಕಾಣುವ ಮಂಚದಲ್ಲಿ. ವೃದ್ಧರ ವೈದ್ಯರೂ ಸರ್ಜನ್ನರೂ ಕೂಡಿಯೇ ರೌಂಡಿಗೆ ಬರುತ್ತಿದ್ದರು. ರಕ್ತದ ಸೋಡಿಯಂ, ಮಲಬದ್ಧತೆ, ನೋವಿನ ಮದ್ದಿನ ಪ್ರಮಾಣ, ಹಳೆಯ ಮಾತ್ರೆಗಳಲ್ಲಿ ಯಾವುದನ್ನು ಬಿಡಬಹುದು, ಎಲ್ಲವನ್ನೂ ವಿಚಾರಿಸುತ್ತಿದ್ದರು. ಮರುದಿನ ಬೆಳಿಗ್ಗೆಯೇ ಕ್ಯಾಥೆಟರ್ ತೆಗೆದು, ಕನ್ನಡಕ ಹಾಕಿಸಿ, ಕುರ್ಚಿಯಲ್ಲಿ ಕೂರಿಸಿದರು. ವಾಕರ್ ಹಿಡಿದು ನಿಂತವರ ಹಿಂದೆ ಮಾವಶಿ (ವಾರ್ಡಿನ ಆಯಾ) ಕೈಯೊಡ್ಡಿ ನಿಂತು ಮರಾಠಿಯಲ್ಲಿ 'ಚಲಾ ಆಜಿ', ನಡೆಯಿರಿ ಅಜ್ಜಿ, ಎನ್ನುತ್ತಿದ್ದರು. ಪಕ್ಕದ ಮಂಚದ ಸೊಲ್ಲಾಪುರದ ಅಜ್ಜಿ ಕನ್ನಡದಲ್ಲೇ ಮಾತಿಗೆಳೆಯುತ್ತಿದ್ದುದರಿಂದ ಹಗಲಲ್ಲಿ ತೂಕಡಿಸಲು ಬಿಡುವೇ ಇರಲಿಲ್ಲ. ಈ ಸಲ ಸನ್ನಿ ಸುಳಿಯಲಿಲ್ಲ.

ಒಬ್ಬರ ಅನುಭವದಿಂದ ತೀರ್ಮಾನಿಸಬಾರದು, ನಿಜ. ಆದರೆ ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಸೊಂಟದ ಮೂಳೆ ಮುರಿದ, 70 ವರ್ಷ ದಾಟಿದ 397 ರೋಗಿಗಳನ್ನು ಚೀಟಿ ಎತ್ತಿದಂತೆ ವೃದ್ಧರ ವಾರ್ಡಿಗೂ ಆರ್ಥೋ ವಾರ್ಡಿಗೂ ಹಂಚಿ ನಡೆಸಿದ, 2015ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ, ನಾಲ್ಕು ತಿಂಗಳ ನಂತರ ವೃದ್ಧರ ವಾರ್ಡಿನವರ ಓಡಾಟವೇ ಉತ್ತಮವಾಗಿತ್ತು. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ನ್ಯುಮೋನಿಯಾ ಆಗುವ, ಬೆನ್ನು ಹುಣ್ಣಾಗುವ ಭಯ ಹೆಚ್ಚುತ್ತದೆ.

ವಾರ್ಡಿನಲ್ಲಿ ರಾತ್ರಿ ಗದ್ದಲ ಖಂಡಿತ ಇತ್ತು, ಮರೆಯೆಂದರೆ ಬಟ್ಟೆಯ ಪರದೆಯಷ್ಟೇ. ಸೋಂಕಿನಿಂದ ಪ್ರತ್ಯೇಕವಾಗಿಡಬೇಕಾದವರಿಗೆ ಒಂಟಿ ಕೋಣೆಯೇ ಸರಿ. ವೃದ್ಧರ ವಾರ್ಡ್ ಎಲ್ಲ ಆಸ್ಪತ್ರೆಗಳಲ್ಲಿಯೂ ಇರುವುದಿಲ್ಲ. ಇಲ್ಲದ ಕಡೆ, ಕೋಣೆಯ ದರ ಕೇಳುವ ಮೊದಲು ವೃದ್ಧರ ವೈದ್ಯರು ಅಥವಾ ಫಿಸಿಷಿಯನ್ ದಿನವೂ ಬರುತ್ತಾರೆಯೇ, ಮರುದಿನವೇ ಎಬ್ಬಿಸಿ ನಿಲ್ಲಿಸುವವರು ಯಾರು, ಭಾನುವಾರವೂ ಫಿಸಿಯೋಥೆರಪಿ ಇದೆಯೇ ಎಂದು ಕೇಳಿರಿ. ನರ್ಸ್ ಮೇಜಿನ ಹತ್ತಿರದ, ಕಿಟಕಿಯಿರುವ ಮಂಚವನ್ನು ಬೇಡಿಕೊಳ್ಳಿರಿ.